ಯುರೋಪಿನ ಕಾಡು ಕಾನೂನು ಮತ್ತು ನಮ್ಮ ತೋಟದ ನೆರಳು: ಗೊತ್ತಿರುವವರು ಸ್ವಲ್ಪ ಹೇಳಿ

ಶನಿವಾರಸಂತೆ_ಮೆಣಸು

ಎಲ್ಲರಿಗೂ ನಮಸ್ಕಾರ. ಶನಿವಾರಸಂತೆ ಹತ್ತಿರ ನಮ್ಮದು 7 ಎಕರೆ ತೋಟ. ರೋಬಸ್ಟಾ ಜಾಸ್ತಿ, ಮೇಲಿನ ಭಾಗದಲ್ಲಿ ಸ್ವಲ್ಪ ಅರೇಬಿಕಾ. ನಾವು ಮಾಮೂಲಿ ಕೊಡುವ ವ್ಯಾಪಾರಿ ಮೊನ್ನೆ ಫೋನ್ ಮಾಡಿ ತೋಟದ ಜಿಪಿಎಸ್, ಪಹಣಿ ಎರಡೂ ಕಳಿಸಿ ಎಂದರು. ಕೊಡದಿದ್ದರೆ ಮುಂದೆ ನಿಮ್ಮ ಚೆರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಬೇರೆ ರಾಶಿಗೆ ಹಾಕಬೇಕಾಗುತ್ತದೆ, ರೇಟು ಏನಾಗುತ್ತದೋ ಗೊತ್ತಿಲ್ಲ ಎಂದೂ ಸೇರಿಸಿದರು. ಯಾಕೆ ಅಂತ ಕೇಳಿದರೆ "ಯುರೋಪಿನವರ ಕಾನೂನು" ಅಂದರು, ಅಷ್ಟೇ.

ನನ್ನ ತಲೆಬಿಸಿ ಬೇರೆ. ಮಗ ಮೊಬೈಲಿನಲ್ಲಿ ಯಾವುದೋ ಉಪಗ್ರಹ ನಕ್ಷೆ ತೆಗೆದು ತೋರಿಸಿದ. ನಮ್ಮ ತೋಟ ಪೂರ್ತಿ ಕಡು ಹಸಿರು, ಪಕ್ಕದ ಮೀಸಲು ಅರಣ್ಯದ ಹಾಗೇ. ಇರಲೇಬೇಕು ಬಿಡಿ, ಅಪ್ಪನ ಕಾಲದ ಹಲಸು, ಅತ್ತಿ, ನಂದಿ, ಹೊನ್ನೆ ಎಲ್ಲಾ ಹಾಗೇ ಉಳಿಸಿಕೊಂಡಿದ್ದೇವೆ. ಈಗ ಅವರು ಇದನ್ನು ಕಾಡು ಅಂದುಬಿಟ್ಟರೆ? ಮರ ಉಳಿಸಿದ್ದೇ ತಪ್ಪಾಯಿತಾ?

ಹ್ಯಾಂಬರ್ಗ್_ಕನ್ನಡಿಗ

ನಮಸ್ಕಾರ. ನಾನು ಸಕಲೇಶಪುರದ ಕಡೆಯವನು. ಈಗ ಹ್ಯಾಂಬರ್ಗಿನಲ್ಲಿ ಕಾಫಿ ಆಮದಿನ ಕಾಗದಪತ್ರ ನೋಡುವ ಕೆಲಸ. ಈ ಕಾನೂನು ನನ್ನ ಮೇಜಿನ ಮೇಲೆ ಬಿದ್ದು ಮೂರು ವರ್ಷವಾಗುತ್ತಾ ಬಂತು. ಗೊತ್ತಿರುವುದನ್ನು ಹೇಳುತ್ತೇನೆ.

ಇದು ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ಕಾನೂನು. 2023ರ ಜೂನ್‌ನಲ್ಲಿ ಜಾರಿಗೆ ಬಂತು. ಏಳು ಸರಕುಗಳಿಗೆ ಅನ್ವಯಿಸುತ್ತದೆ: ಕಾಫಿ, ಕೋಕೋ, ತಾಳೆ ಎಣ್ಣೆ, ಸೋಯಾ, ರಬ್ಬರ್, ಮರ, ಜಾನುವಾರು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಸರಕು ಯುರೋಪಿನ ಮಾರುಕಟ್ಟೆಗೆ ಬರಬಾರದು. ಬೆಳೆದ ದೇಶದ ಕಾನೂನಿಗೆ ತಕ್ಕಂತೆ ಬೆಳೆದಿರಬೇಕು. ಇವೆರಡಕ್ಕೂ ಇಲ್ಲಿನ ಆಮದುದಾರ ಲಿಖಿತ ಹೇಳಿಕೆ ಕೊಡಬೇಕು, ಅದರಲ್ಲಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಇರಲೇಬೇಕು. ತಪ್ಪಿದರೆ ದಂಡದ ಗರಿಷ್ಠ ಮಿತಿ ಕಂಪನಿಯ ಯುರೋಪಿನ ವಾರ್ಷಿಕ ವಹಿವಾಟಿನ ಕನಿಷ್ಠ 4%. ಅದಕ್ಕೇ ನಮ್ಮ ಬಾಸ್ ನಿದ್ದೆಗೆಟ್ಟಿರುವುದು, ಅದಕ್ಕೇ ನಿಮ್ಮ ವ್ಯಾಪಾರಿ ಫೋನ್ ಮಾಡಿದ್ದು.

ಕಾನೂನು ಅನ್ವಯವಾಗುವ ದಿನ ಮೊದಲು 2024ರ ಡಿಸೆಂಬರ್ 30 ಅಂದರು. ಆಮೇಲೆ ಒಂದು ವರ್ಷ ಮುಂದೂಡಿದರು, ಮತ್ತೆ ಇನ್ನೊಂದು ವರ್ಷ. ಈಗಿರುವ ಗಡುವು 2026ರ ಡಿಸೆಂಬರ್ 30. ಸಣ್ಣವರಿಗೆ 2027ರ ಜೂನ್ 30 ಎಂದು ಓದಿರಬಹುದು. ಆ "ಸಣ್ಣವರು" ಯುರೋಪಿನ ಸಣ್ಣ ಕಂಪನಿಗಳು, ಶನಿವಾರಸಂತೆಯ ಸಣ್ಣ ಬೆಳೆಗಾರ ಅಲ್ಲ. ಇದನ್ನು ಊರಲ್ಲಿ ತುಂಬಾ ಜನ ತಪ್ಪು ತಿಳಿದುಕೊಂಡಿದ್ದಾರೆ.

ಇನ್ನು ನಿಮ್ಮ ಪ್ರಶ್ನೆ. ಕಾನೂನಿನಲ್ಲಿ ಕಾಡು ಎಂದರೆ ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗ, 5 ಮೀಟರಿಗಿಂತ ಎತ್ತರದ ಮರ, 10%ಗಿಂತ ಜಾಸ್ತಿ ನೆರಳು. ಆದರೆ ಮುಖ್ಯವಾಗಿ ಕೃಷಿಗೆ ಬಳಸುವ ಜಾಗ ಇದರಲ್ಲಿ ಸೇರುವುದಿಲ್ಲ. ಮರದ ನೆರಳಲ್ಲಿ ಬೆಳೆ ತೆಗೆಯುವ ತೋಟ ಕೃಷಿ ಭೂಮಿಯೇ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಹಾಗಾಗಿ ಕಾನೂನಿನ ಪ್ರಕಾರ ನಿಮ್ಮ ತೋಟ ಕಾಡಲ್ಲ. ಹೆದರಬೇಡಿ.

ಗೋಣಿಕೊಪ್ಪದ_ಗುಡುಗು

ಹೆದರಬೇಡಿ ಅಂತೆ! ಸಾರ್, 1850ರ ದಶಕದಲ್ಲಿ ಮಡಿಕೇರಿ ಸುತ್ತ ಕಾಡು ಸವರಿ ಎಸ್ಟೇಟ್ ಮಾಡಿದವರು ಯಾರು? ಯುರೋಪಿನವರೇ ತಾನೆ. ಕಡಿಯುವಾಗ ಯಾವ ಜಿಪಿಎಸ್ಸೂ ಬೇಕಿರಲಿಲ್ಲ. ಈಗ ನಮ್ಮ ಅಜ್ಜ ನೆಟ್ಟ ತೋಟಕ್ಕೆ ನಾವು ಪುರಾವೆ ಕೊಡಬೇಕು, ಅದೂ ನಮ್ಮ ಖರ್ಚಲ್ಲಿ. ತಮ್ಮ ಕಾಡನ್ನು ಯಾವಾಗಲೋ ಕಡಿದು ಮುಗಿಸಿದವರಿಗೆ 2020 ಬಹಳ ಅನುಕೂಲದ ಗೆರೆ ಬಿಡಿ.

ಸುಮ್ನೆ ಒಂದು ಲೆಕ್ಕ ಕೇಳುತ್ತೇನೆ. ಈ ಪುರಾವೆ ಕೊಟ್ಟರೆ ಮೂಟೆಗೆ ಎಷ್ಟು ರೂಪಾಯಿ ಜಾಸ್ತಿ?

ಹ್ಯಾಂಬರ್ಗ್_ಕನ್ನಡಿಗ

ಒಂದು ರೂಪಾಯಿಯೂ ಇಲ್ಲ. ಕಾನೂನಿನಲ್ಲಿ ಪ್ರೀಮಿಯಂ ಎನ್ನುವ ಮಾತೇ ಇಲ್ಲ. ಇದು ಒಳಗೆ ಬರಲು ಬೇಕಾದ ಚೀಟಿ, ಅಷ್ಟೇ. ರೇನ್‌ಫಾರೆಸ್ಟ್ ಅಲೈಯನ್ಸ್ ತರಹದ ಸರ್ಟಿಫಿಕೇಟ್ ಇದ್ದರೆ ಸಹಾಯವಾಗುತ್ತದೆ, ಆದರೆ ಅದು ಇದಕ್ಕೆ ಬದಲಿ ಅಲ್ಲ.

ಒಂದು ಮಾತು ಮಾತ್ರ ಯುರೋಪಿನ ಪರವಾಗಿ. ಜಗತ್ತಿನ ಅರಣ್ಯನಾಶದಲ್ಲಿ ಸುಮಾರು 10% ತಮ್ಮ ಬಳಕೆಯಿಂದಲೇ ಆಗುತ್ತಿದೆ ಎಂದು ಅವರೇ ಒಪ್ಪಿಕೊಂಡು ಮಾಡಿದ ಕಾನೂನು ಇದು. ಅದರಲ್ಲಿ ದೊಡ್ಡ ಪಾಲು ತಾಳೆ ಎಣ್ಣೆ ಮತ್ತು ಸೋಯಾದ್ದು. ಗುರಿ ಇದ್ದದ್ದು ಅಮೆಜಾನ್, ಬೋರ್ನಿಯೊ ಕಡೆ. ಕೊಡಗು ಅವರ ತಲೆಯಲ್ಲೇ ಇರಲಿಲ್ಲ.

ಪೊನ್ನಂಪೇಟೆ_ಹಳೇಬ್ಯಾಚ್

ತಲೆಯಲ್ಲಿ ಇರಲಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅದೇ ನನಗೆ ಸಿಟ್ಟು ಬರುವ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮೆ ಇರಲಿ.

ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಓದಿದವನು ನಾನು. 2007ರಿಂದ 2011ರವರೆಗೆ ಅಲ್ಲಿ ಕ್ಯಾಫ್‌ನೆಟ್ ಎಂಬ ಯೋಜನೆ ಇತ್ತು. ದುಡ್ಡು ಯುರೋಪಿಯನ್ ಒಕ್ಕೂಟದ್ದು. ಫ್ರಾನ್ಸಿನ ಸಿರಾಡ್ ಸಂಸ್ಥೆ, ಪುದುಚೇರಿಯ ಫ್ರೆಂಚ್ ಸಂಸ್ಥೆ, ನಮ್ಮ ಕಾಲೇಜು ಎಲ್ಲಾ ಸೇರಿ ಮಾಡಿದ್ದು. ಮಧ್ಯ ಅಮೆರಿಕ, ಪೂರ್ವ ಆಫ್ರಿಕಾ, ಭಾರತ ಮೂರೂ ಕಡೆ ನೆರಳಿನ ಕಾಫಿ ತೋಟಗಳು ಪರಿಸರಕ್ಕೆ ಏನು ಕೊಡುತ್ತವೆ, ಅದಕ್ಕೆ ಬೆಳೆಗಾರನಿಗೆ ಮಾರುಕಟ್ಟೆಯಿಂದ ಏನಾದರೂ ಸಿಗುವ ಹಾಗೆ ಮಾಡಬಹುದಾ ಎಂದು ನೋಡುವುದೇ ಅದರ ಉದ್ದೇಶ. ಭಾರತ ಅಂದರೆ ಇಲ್ಲಿ ಕೊಡಗು.

ನಾನು ಆಗ ಹುಡುಗ, ಟೇಪು ಹಿಡಿದುಕೊಂಡು ಹೋಗುವ ಕೆಲಸ. ತೋಟದೊಳಗೆ ಹಗ್ಗ ಕಟ್ಟಿ ಒಂದು ಚೌಕ ಮಾಡುವುದು. ಆ ಚೌಕದೊಳಗಿನ ಪ್ರತಿ ಮರಕ್ಕೂ ಎದೆಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುವುದು, ಜಾತಿ ಹೇಳುವುದು. ಜಾತಿ ನಮಗೆ ಗೊತ್ತಾಗದಿದ್ದರೆ ತೋಟದ ಹಳೇ ಮೇಸ್ತ್ರಿಯನ್ನು ಕರೆಯುವುದು. ಎಲೆ ಕೂಡ ನೋಡದೆ, ಕತ್ತಿಯಿಂದ ತೊಗಟೆ ಸ್ವಲ್ಪ ಕೆತ್ತಿ, ಹಾಲಿನ ಬಣ್ಣ ನೋಡಿ ಹೆಸರು ಹೇಳುತ್ತಿದ್ದರು. ಎಷ್ಟೋ ತೋಟದವರು ನಮ್ಮನ್ನು ಅರಣ್ಯ ಇಲಾಖೆಯವರು ಎಂದುಕೊಂಡು ಬೀಟೆ ಮರದ ಕಡೆ ಹೋಗಲು ಬಿಡುತ್ತಿರಲಿಲ್ಲ.

ಸಿಕ್ಕ ಚಿತ್ರ ಏನು? ಹಳೇ ನೆರಳಿನ ತೋಟಗಳಲ್ಲಿ ಊರಮರಗಳ (ಇಲ್ಲಿನ ಕಾಡಿನದೇ ಮರಗಳ) ಬಗೆ ಬೆರಗಾಗುವಷ್ಟು ಇತ್ತು. ಆದರೆ ಅದು ಕರಗುತ್ತಿತ್ತು. ಒಂದೊಂದೇ ಊರಮರ ಹೋಗಿ ಅದರ ಜಾಗಕ್ಕೆ ಸಿಲ್ವರ್, ಅಂದರೆ ಹೊರಗಿನಿಂದ ತಂದ ಸಿಲ್ವರ್ ಓಕ್ ಮರ, ಬರುತ್ತಿತ್ತು. ತೋಟ ತೋಟವಾಗಿಯೇ ಉಳಿಯಿತು, ಹಸಿರು ಹಸಿರಾಗಿಯೇ ಕಂಡಿತು, ಒಳಗಿನ ಕಾಡು ಮಾತ್ರ ಹೋಯಿತು.

ಅದಕ್ಕೂ ಹಿಂದಿನ ಲೆಕ್ಕವೂ ಇದೆ. 1977ರಿಂದ 1997ರ ನಡುವೆ ಕೊಡಗಿನ ಕಾಡು ಸುಮಾರು 28% ಕಡಿಮೆಯಾಯಿತು ಎಂದು ಪುದುಚೇರಿಯ ಸಂಸ್ಥೆಯವರು ಉಪಗ್ರಹ ಚಿತ್ರದಿಂದ ತೋರಿಸಿದ್ದರು. ಹೋದದ್ದರಲ್ಲಿ ಹೆಚ್ಚಿನದು ಖಾಸಗಿಯವರ ಕಾಡು, ಆದದ್ದು ಕಾಫಿ. ಕ್ಲೋಡ್ ಗಾರ್ಸಿಯಾ ಮತ್ತು ಸಂಗಡಿಗರು 2010ರಲ್ಲಿ ಇದನ್ನೆಲ್ಲಾ ಸೇರಿಸಿ ಬರೆದರು.

ಈಗ ಹೇಳಿ. ತಮ್ಮದೇ ದುಡ್ಡಿನ ಸಂಶೋಧನೆ 15 ವರ್ಷದ ಹಿಂದೆ ಹೇಳಿದ್ದು ಏನು? ಕೊಡಗಿನಲ್ಲಿ ಅಪಾಯ ಇರುವುದು ಕಾಡಿನ ಅಂಚಿನಲ್ಲಿ ಮಾತ್ರ ಅಲ್ಲ, ತೋಟದ ಒಳಗೆ ಎಂದು. 2023ರ ಕಾನೂನು ನೋಡುವುದು ಏನನ್ನು? ಅಂಚನ್ನು ಮಾತ್ರ. ಒಬ್ಬ ಬೆಳೆಗಾರ ನಾಳೆ ತನ್ನ ತೋಟದ ನಂದಿ, ಹೊನ್ನೆ, ಅತ್ತಿ ಎಲ್ಲಾ ತೆಗೆಸಿ ಪೂರ್ತಿ ಸಿಲ್ವರ್ ಹಾಕಿದರೆ ಯುರೋಪಿಗೆ ಅದು ಅರಣ್ಯನಾಶ ಅಲ್ಲ. ನೆರಳೇ ಇಲ್ಲದೆ ಬಯಲಲ್ಲಿ ಕಾಫಿ ಬೆಳೆದರೂ ಅಲ್ಲ. ಅವನ ಕಾಫಿ ಆರಾಮಾಗಿ ಹಡಗು ಹತ್ತುತ್ತದೆ.

ಶನಿವಾರಸಂತೆಯವರು ಕೇಳಿದ್ದರಲ್ಲಾ, ಮರ ಉಳಿಸಿದ್ದೇ ತಪ್ಪಾಯಿತಾ ಅಂತ. ಕಾನೂನಿನ ಅಕ್ಷರದಲ್ಲಿ ತಪ್ಪಲ್ಲ. ನಕ್ಷೆಯ ಕಣ್ಣಲ್ಲಿ ತಪ್ಪೇ. ಯುರೋಪಿನ ಜಂಟಿ ಸಂಶೋಧನಾ ಕೇಂದ್ರ 2020ರ ಕಾಡಿನ ನಕ್ಷೆ ಮಾಡಿದೆ, 10 ಮೀಟರ್ ವಿವರದ್ದು. ದಟ್ಟ ನೆರಳಿನ ತೋಟ ಮೇಲಿನಿಂದ ಕಾಡಿನಂತೆಯೇ ಕಾಣುವುದರಿಂದ ಇಂಥ ನಕ್ಷೆಗಳು ಅಲ್ಲಲ್ಲಿ ಎಡವುತ್ತವೆ. ಆಗ ಎಚ್ಚರಿಕೆಯ ಕೆಂಪು ಗುರುತು ಬೀಳುವುದು ಯಾರ ತೋಟಕ್ಕೆ? ಮರ ಉಳಿಸಿದವನ ತೋಟಕ್ಕೆ. ನೆರಳು ತೆಳುವಾಗಿಸಿದವನು ಮೊದಲೇ ಪಾಸು.

ಶನಿವಾರಸಂತೆ_ಮೆಣಸು

ಇದು ಓದಿ ಇನ್ನೂ ಜಾಸ್ತಿ ತಲೆಬಿಸಿಯಾಯಿತು ಸರ್ 😀 ಕೆಂಪು ಗುರುತು ಬಿದ್ದರೆ ಏನು ಮಾಡಬೇಕು?

ಹ್ಯಾಂಬರ್ಗ್_ಕನ್ನಡಿಗ

ಆ ನಕ್ಷೆ ಕಡ್ಡಾಯ ಅಲ್ಲ, ಅದೇ ಅಂತಿಮ ಮಾತೂ ಅಲ್ಲ. ಯುರೋಪಿಯನ್ ಕಮಿಷನ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಗುರುತು ಬಿದ್ದರೆ ನಮ್ಮಂಥವರು ವಾಪಸ್ ಕೇಳುತ್ತೇವೆ: 2020ಕ್ಕೆ ಮುಂಚೆಯೇ ಇದು ತೋಟ ಆಗಿತ್ತು ಎನ್ನುವುದಕ್ಕೆ ಏನಿದೆ ಅಂತ. ಹಳೇ ಪಹಣಿಯಲ್ಲಿ ಬೆಳೆ ಕಾಲಂನಲ್ಲಿ "ಕಾಫಿ" ಎಂದಿದ್ದರೆ ಒಳ್ಳೆಯದು. ಕಾಫಿ ಬೋರ್ಡಿನ ಹಳೇ ನೋಂದಣಿ ಇದ್ದರೆ ಇನ್ನೂ ಒಳ್ಳೆಯದು. ಹಳೇ ಸಬ್ಸಿಡಿ ಕಾಗದ, ಬ್ಯಾಂಕಿನ ಬೆಳೆಸಾಲದ ಕಾಗದ ಕೂಡ ನಾನು ನೋಡಿದ್ದೇನೆ. ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

ಸಮಾಧಾನದ ಸುದ್ದಿ ಒಂದಿದೆ. 2025ರ ಮೇ ತಿಂಗಳಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಹಾಕಿದ್ದಾರೆ. ಹೆಚ್ಚು ಅಪಾಯದ ಪಟ್ಟಿಯಲ್ಲಿರುವುದು ನಾಲ್ಕೇ: ರಷ್ಯಾ, ಬೆಲಾರುಸ್, ಉತ್ತರ ಕೊರಿಯಾ, ಮ್ಯಾನ್ಮಾರ್. ಕಡಿಮೆ ಅಪಾಯ ಎಂದರೆ ಆಮದುದಾರರಲ್ಲಿ 1% ಜನರನ್ನು ತಪಾಸಣೆ ಮಾಡಿದರೆ ಸಾಕು, ಅಪಾಯದ ವಿಶ್ಲೇಷಣೆ ಎಂಬ ದೊಡ್ಡ ಕಸರತ್ತೂ ಬೇಡ. ಆದರೆ ಜಾಗದ ಗುರುತು ಮತ್ತು ಕಾನೂನುಬದ್ಧತೆಯ ಮಾಹಿತಿ ಸಂಗ್ರಹಿಸುವುದು ತಪ್ಪಿದ್ದಲ್ಲ.

ಐನ್‌ಮನೆ_ಅಕ್ಕ

ಕಾನೂನುಬದ್ಧತೆ ಅಂದಿರಲ್ಲ ಅಣ್ಣ, ನಮ್ಮ ಕಥೆ ಕೇಳಿ. ವಿರಾಜಪೇಟೆ ಕಡೆ ನಮ್ಮದು ಜಮ್ಮಾ ಬಾಣೆ, ಅಂದರೆ ಇಡೀ ಒಕ್ಕಕ್ಕೆ (ಕುಟುಂಬಕ್ಕೆ) ತಲೆಮಾರಿನಿಂದ ಬಂದ ಮರಗಾಡಿನ ಜಾಗ. ಪಹಣಿಯಲ್ಲಿ ಮೊದಲು ಇರುವುದು ಪಟ್ಟೆದಾರನ, ಅಂದರೆ ಒಕ್ಕದ ಹಿರಿಯನ ಹೆಸರು. ಅವರು ತೀರಿಹೋಗಿ ಎಷ್ಟೋ ವರ್ಷವಾಗಿದೆ. ಅದರ ಕೆಳಗೆ ಒಕ್ಕದ ಹೆಸರುಗಳು ಸಾಲಾಗಿ. ಅದರಲ್ಲಿ ಅರ್ಧ ಜನ ಬೆಂಗಳೂರು, ಮೈಸೂರಲ್ಲಿದ್ದಾರೆ, ಒಬ್ಬರು ಕೆನಡಾದಲ್ಲಿ. ತೋಟ ಮಾಡುತ್ತಿರುವವಳು ನಾನು. ಬೇಲಿ ನಂದು, ಗೊಬ್ಬರದ ಸಾಲ ನಂದು. ಕಾಗದದಲ್ಲಿ ನಾನು ಕೊನೆಯ ಸಾಲಿನಲ್ಲಿದ್ದೇನೆ.

ನನ್ನ ಗಂಡ ಹೋದ ಮೇಲೆ ನನ್ನ ಹೆಸರು ಸೇರಿಸಲು ಅಲೆದದ್ದು ನನಗೇ ಗೊತ್ತು. ಈಗ ಯಾವುದೋ ಆ್ಯಪ್‌ನಲ್ಲಿ "ಮಾಲೀಕರ ಹೆಸರು" ಅಂತ ಒಂದೇ ಒಂದು ಖಾನೆ. ಯಾರ ಹೆಸರು ಹಾಕಲಿ? ಸತ್ತವರದ್ದಾ?

ಹ್ಯಾಂಬರ್ಗಿನಲ್ಲಿ ಕೂತವರಿಗೆ ಜಮ್ಮಾ, ಬಾಣೆ, ಸಾಗು ಎಲ್ಲಾ ಹೇಗೆ ಅರ್ಥ ಮಾಡಿಸುತ್ತೀರಿ? ನಮ್ಮ ತಾಲ್ಲೂಕಿನಲ್ಲೇ ಹೊಸದಾಗಿ ಬಂದ ಅಧಿಕಾರಿಗೆ ಅರ್ಥವಾಗಲು ಒಂದು ವರ್ಷ ಬೇಕು.

ಹ್ಯಾಂಬರ್ಗ್_ಕನ್ನಡಿಗ

ಅಕ್ಕ, ಕಾನೂನು ಕೇಳುವುದು ಜಾಗ ಬಳಸುವ ಹಕ್ಕನ್ನು. ಪೂರ್ತಿ ಮಾಲೀಕತ್ವದ ಪತ್ರವನ್ನೇ ಕೇಳುವುದಿಲ್ಲ. ಅಲ್ಲಿನ ದೇಶದ ಕಾನೂನು ಒಪ್ಪುವ ಹಿಡುವಳಿ ಆಗಿದ್ದರೆ ಸಾಕು, ಜಮ್ಮಾ ಅಂಥದ್ದೇ. ಆದರೆ ನಿಮ್ಮ ಮಾತು ನಿಜ, ಇಲ್ಲಿ ಯಾರಿಗೂ ಅದು ತಿಳಿಯದು. ನನ್ನ ಸಹೋದ್ಯೋಗಿಗೆ ವಿವರಿಸಲು ಹೋಗಿ ಊಟದ ಸಮಯ ಪೂರ್ತಿ ಹೋಯಿತು. ತಿಳಿಯದ್ದನ್ನು ಕಂಪನಿಗಳು ಏನು ಮಾಡುತ್ತವೆ ಗೊತ್ತಲ್ಲ, ದೂರ ಇಡುತ್ತವೆ.

ಇದು ಬರೀ ಅನುಮಾನ ಅಲ್ಲ. 2023ರ ಕೊನೆಯಲ್ಲೇ, ಕಾನೂನು ಅನ್ವಯವಾಗುವ ಒಂದು ವರ್ಷ ಮೊದಲೇ, ಇಥಿಯೋಪಿಯಾದ ಸಣ್ಣ ರೈತರ ಕಾಫಿಯನ್ನು ಕೆಲವು ಯುರೋಪಿನ ಖರೀದಿದಾರರು ಕಡಿಮೆ ಮಾಡಿದ್ದು ಸುದ್ದಿಯಾಗಿತ್ತು. ಅಲ್ಲಿ ಲಕ್ಷಾಂತರ ಸಣ್ಣ ಹಿಡುವಳಿ, ಕಾಗದ ಇಲ್ಲ, ಕಾಫಿ ಬೆಳೆಯುವುದೇ ಕಾಡುಮರಗಳ ಕೆಳಗೆ. ಬ್ರೆಜಿಲ್‌ನ ದೊಡ್ಡ ಎಸ್ಟೇಟಿನಿಂದ ಒಂದು ಕಡತ ಕಳಿಸಿದರೆ ಎಷ್ಟೋ ಕಂಟೇನರಿಗೆ ಆಗುತ್ತದೆ. ಅದೇ ಒಂದು ಕಂಟೇನರ್ ಇಥಿಯೋಪಿಯಾ ಕಾಫಿಗೆ ನೂರಾರು ಜನರ ಜಾಗ ಗುರುತಿಸಬೇಕು. ಖರೀದಿದಾರ ಯಾವ ಕಡೆ ವಾಲುತ್ತಾನೆ ಎಂದು ಹೇಳಬೇಕಿಲ್ಲ.

ಮೂಡಿಗೆರೆ_ಬೆಟ್ಟ

ಕಾಗದದ ಮಾತು ಬಂದಿದ್ದಕ್ಕೆ ನನ್ನದೂ ಹೇಳಿಬಿಡುತ್ತೇನೆ. ನಮ್ಮದು ಪಟ್ಟಾ 5 ಎಕರೆ. ಅದಕ್ಕೆ ಅಂಟಿಕೊಂಡು 3 ಎಕರೆ ಒತ್ತುವರಿ, ಅಪ್ಪ 80ರ ದಶಕದಲ್ಲಿ ಮಾಡಿದ್ದು. ಮಲೆನಾಡಿನಲ್ಲಿ ಇಂಥದ್ದು ಇಲ್ಲದ ಮನೆ ಕಡಿಮೆ. 2005ಕ್ಕೆ ಮೊದಲಿನ ಒತ್ತುವರಿ ಕಂದಾಯ ಭೂಮಿಯನ್ನು 25 ಎಕರೆವರೆಗೆ 30 ವರ್ಷಕ್ಕೆ ಗುತ್ತಿಗೆ ಕೊಡುತ್ತೇವೆ ಎಂದು ಸರ್ಕಾರ ಕಾನೂನು ತಿದ್ದಿತು. ಅರ್ಜಿ ಹಾಕಿದ್ದೇನೆ. ಉತ್ತರ ಬಂದಿಲ್ಲ.

ಈ 3 ಎಕರೆಯ ಕಾಫಿಯನ್ನು ಏನಂತ ಬರೆಯಲಿ? ಕಣದಲ್ಲಿ ಎರಡೂ ಒಟ್ಟಿಗೇ ಒಣಗುತ್ತದೆ.

ಹ್ಯಾಂಬರ್ಗ್_ಕನ್ನಡಿಗ

ನೇರ ಹೇಳಬೇಕೆಂದರೆ ಅದನ್ನು ಯುರೋಪಿಗೆ ಹೋಗುವ ರಾಶಿಗೆ ಸೇರಿಸಬೇಡಿ, ಗುತ್ತಿಗೆ ಪತ್ರ ಕೈಗೆ ಬರುವವರೆಗೆ. ಬೆರೆಸಿದರೆ ಸಮಸ್ಯೆ ನಿಮ್ಮ 3 ಎಕರೆಯದ್ದು ಮಾತ್ರ ಆಗುವುದಿಲ್ಲ. ಈ ಕಾನೂನಿನಲ್ಲಿ ಗುರುತು ಇಲ್ಲದ ಕಾಫಿ ಸ್ವಲ್ಪ ಬೆರೆತರೂ ಇಡೀ ಲಾಟು ಕೆಟ್ಟ ಹಾಗೆ. "ಇಷ್ಟು ಟನ್ ಶುದ್ಧ ಕಾಫಿ ಕೊಂಡಿದ್ದೇನೆ, ಅಷ್ಟೇ ಟನ್ ಮಾರುತ್ತೇನೆ" ಎಂಬ ಬರೀ ತೂಕದ ಲೆಕ್ಕ ನಡೆಯುವುದಿಲ್ಲ.

ಒಂದು ಸಡಿಲಿಕೆ ಇದೆ. ವ್ಯಾಪಾರಿ 200 ಬೆಳೆಗಾರರಿಂದ ಕೊಂಡಿದ್ದರೆ, ಈ ಕಂಟೇನರಿನಲ್ಲಿ ಯಾರ ಕಾಫಿ ಇದೆ ಎಂದು ಖಚಿತ ಗೊತ್ತಿಲ್ಲದಿದ್ದರೂ 200 ಜನರ ಜಾಗವನ್ನೂ ಬರೆದು ಕಳಿಸಬಹುದು. ಆದರೆ ಆ 200 ಜಾಗವೂ ಸರಿ ಇರಬೇಕು. ಒಂದು ತಪ್ಪಿದರೂ ಎಲ್ಲರಿಗೂ ಪೆಟ್ಟು. ಅದಕ್ಕೇ ಒಳ್ಳೆಯ ವ್ಯಾಪಾರಿ ಅನುಮಾನ ಇದ್ದವರನ್ನು ಪಕ್ಕಕ್ಕಿಡುತ್ತಾನೆ.

ಗೋಣಿಕೊಪ್ಪದ_ಗುಡುಗು

ಅಂದರೆ ಪಂಕ್ತಿಯಲ್ಲಿ ಒಬ್ಬರ ಎಲೆಯಲ್ಲಿ ಕೂದಲು ಸಿಕ್ಕಿದರೆ ಎಲ್ಲರನ್ನೂ ಎಬ್ಬಿಸುವ ಲೆಕ್ಕ. ಚೆನ್ನಾಗಿದೆ.

ಲೆಕ್ಕದ_ಮೇಷ್ಟ್ರು

ಸ್ವಲ್ಪ ತಣ್ಣಗೆ ಯೋಚಿಸೋಣ. ಯುರೋಪೇ ಬೇಡ ಎನ್ನುವ ಹಾಗಿದ್ದರೆ ಬೇರೆ ಮಾತು. ಭಾರತದ ಕಾಫಿಯಲ್ಲಿ ಸುಮಾರು 70% ಕರ್ನಾಟಕದ್ದು. ದೇಶದಲ್ಲಿ ಬೆಳೆದದ್ದರಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ. ದೊಡ್ಡ ಗಿರಾಕಿ ಇಟಲಿ. ಜರ್ಮನಿ ಮತ್ತು ಬೆಲ್ಜಿಯಂ ಕೂಡ ಮೇಲಿನ ಸಾಲಿನಲ್ಲೇ ಇವೆ. ರಷ್ಯಾ, ಕೊಲ್ಲಿ ದೇಶಗಳು ಕೊಳ್ಳುತ್ತವೆ, ನಮ್ಮ ದೇಶದಲ್ಲೂ ಕುಡಿಯುವವರು ಜಾಸ್ತಿಯಾಗುತ್ತಿದ್ದಾರೆ. ಆದರೆ ಇಟಲಿಯ ಎಸ್ಪ್ರೆಸೊ ಮಿಶ್ರಣಕ್ಕೆ ಹೋಗುವ ನಮ್ಮ ರೋಬಸ್ಟಾದ ಜಾಗ ತುಂಬುವುದು ಒಂದೆರಡು ವರ್ಷದ ಕೆಲಸ ಅಲ್ಲ.

2024ರಲ್ಲಿ ರೋಬಸ್ಟಾ ಚೆರಿ 50 ಕೆಜಿ ಮೂಟೆಗೆ 10,000 ರೂಪಾಯಿ ದಾಟಿತು. ಆಗ ಯಾರೂ ಜಿಪಿಎಸ್ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. ರೇಟು ಮೇಲಿರುವಾಗ ಕೊಳ್ಳುವವನೇ ಹಿಂದೆ ಬೀಳುತ್ತಾನೆ. ರೇಟು ಬಿದ್ದಾಗ ಮೊದಲು ಹೊರಗೆ ಹೋಗುವುದು ಕಾಗದ ಇಲ್ಲದವನ ಕಾಫಿ. ಅದಕ್ಕೆ ಈಗಲೇ ಮಾಡಿಟ್ಟುಕೊಳ್ಳಿ ಎನ್ನುವುದು ನನ್ನ ಮಾತು. ಕಾಫಿ ಬೋರ್ಡಿನ ಆ್ಯಪ್‌ನಲ್ಲಿ ನೋಂದಣಿಗೆ ದುಡ್ಡು ಕೇಳುವುದಿಲ್ಲ, ಹೋಗುವುದು ನಿಮ್ಮ ಅರ್ಧ ದಿನ.

ನಕ್ಷೆ_ಹುಡುಗ

ಅರ್ಧ ದಿನ ಅಂದಿರಿ ಮೇಷ್ಟ್ರೇ, ಮಳೆಗಾಲದಲ್ಲಿ ಬನ್ನಿ ಒಮ್ಮೆ 😂

ನಾನು ಸೋಮವಾರಪೇಟೆ ಕಡೆ ಬೆಳೆಗಾರರಿಗೆ ಇದನ್ನೇ ಮಾಡಿಕೊಡುತ್ತಿದ್ದೇನೆ. ಅನುಭವದ ಮಾತು ಕೇಳಿ. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆವರೆಗಿನ ತುಂಡಿಗೆ ಒಂದೇ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಮಾತ್ರ ಸುತ್ತಲೂ ನಡೆದು ಗಡಿ ಎಳೆಯಬೇಕು. ಶನಿವಾರಸಂತೆಯವರದ್ದು 7 ಎಕರೆ ಒಂದೇ ತುಂಡಾಗಿದ್ದರೆ ಒಂದು ಬಿಂದು ಕೊಟ್ಟು ಮುಗಿಸಿ. ದಶಾಂಶದ ನಂತರ ಆರು ಅಂಕಿ ಇರಬೇಕು, ಅದನ್ನು ನೋಡಿಕೊಳ್ಳಿ. ವಾಟ್ಸಾಪ್ ಲೊಕೇಶನ್ ಕಳಿಸಿದರೆ ಆಗುವುದಿಲ್ಲ.

ಬಿಂದುವನ್ನು ಮನೆಯ ಅಂಗಳದಲ್ಲಿ ನಿಂತು ತೆಗೆಯಬೇಡಿ. ತುಂಬಾ ಜನ ಹೀಗೇ ಮಾಡಿದ್ದಾರೆ. ಸಾಲಾಗಿ ಎಲ್ಲರ "ತೋಟ"ವೂ ಊರಿನ ರಸ್ತೆ ಪಕ್ಕ ಬಂದು ಕೂತಿದೆ. ತೋಟದ ನಡುವೆ ಹೋಗಿ, ಮರಗಸಿ (ನೆರಳಿನ ಕೊಂಬೆ ಸವರುವುದು) ಆದ ಕಡೆ, ಆಕಾಶ ಕಾಣುವ ಜಾಗದಲ್ಲಿ ನಿಲ್ಲಿ. ಮೊಬೈಲ್ ಎದೆಮಟ್ಟಕ್ಕೆ ಹಿಡಿದು ಎರಡು ನಿಮಿಷ ಅಲ್ಲಾಡದೆ ನಿಂತರೆ ಅಂಕಿ ಸ್ಥಿರವಾಗುತ್ತದೆ. ದಟ್ಟ ನೆರಳಿನ ಕೆಳಗೆ ನಿಂತರೆ ಗುರುತು ಹಳ್ಳದಾಚೆಗೆ ಹಾರುತ್ತದೆ. ಹೋದ ಜುಲೈನಲ್ಲಿ ಒಂದು ತೋಟದ ಗಡಿ ನಡೆದೆ, ಎರಡೂ ಕಾಲಿಗೆ ಜಿಗಣೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ಗಡಿಯ ಗೆರೆ ಪಕ್ಕದವರ ಏಲಕ್ಕಿಯೊಳಗೆ ಹೋಗಿ ವಾಪಸ್ ಬಂದಿದೆ. ಬೇಸಿಗೆಯಲ್ಲಿ, ಕೊಯ್ಲು ಮುಗಿದು ಮರಗಸಿ ಆದ ಮೇಲೆ ಮಾಡಿ. ಕೆಲಸ ಸುಲಭ, ಗೆರೆಯೂ ನೆಟ್ಟಗೆ ಬರುತ್ತದೆ.

ತೋಟ ಮೀಸಲು ಅರಣ್ಯಕ್ಕೆ ತಾಗಿಕೊಂಡಿದ್ದರೆ ಇನ್ನೂ ಹುಷಾರು. ಬಿಂದು ಹಾರಿ ಅರಣ್ಯದೊಳಗೆ ಬಿದ್ದರೆ ಸುಮ್ನೆ ಪ್ರಶ್ನೆ ಎದ್ದುಕೊಳ್ಳುತ್ತದೆ.

ಲೈನ್‌ಮನೆ_ಮಾತು

ಎಲ್ಲರೂ ಮರ, ನಕ್ಷೆ, ಪಹಣಿ ಬಗ್ಗೆ ಮಾತಾಡಿದಿರಿ. ಆ ಕಾನೂನಿನಲ್ಲಿ ಕಾರ್ಮಿಕರ ಹಕ್ಕು, ಮಾನವ ಹಕ್ಕು, ಕಾಡಿನ ಜನರ ಒಪ್ಪಿಗೆ ಎಲ್ಲವೂ ಇದೆ ಅಲ್ವಾ? ಯಾವ ಆ್ಯಪ್ ಕೇಳಿದೆ ಪಿಎಫ್ ಕಟ್ಟಿದ್ದೀರಾ ಅಂತ? ಅಸ್ಸಾಮಿನಿಂದ ಬಂದವರು ಯಾವ ಲೈನ್‌ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ), ಎಷ್ಟು ಜನ ಒಂದು ಕೋಣೆಯಲ್ಲಿ ಇದ್ದಾರೆ ಅಂತ? ಯರವ, ಜೇನು ಕುರುಬರ ಅರಣ್ಯ ಹಕ್ಕಿನ ಅರ್ಜಿ 2006ರ ಕಾಯ್ದೆ ಬಂದ ಮೇಲೂ ಎಷ್ಟೋ ಕಡೆ ಹಾಗೇ ಕೂತಿದೆ. ಉಪಗ್ರಹಕ್ಕೆ ಮರ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಕಾಣುವುದನ್ನು ಮಾತ್ರ ಅಳೆಯುತ್ತಾರೆ.

ಐನ್‌ಮನೆ_ಅಕ್ಕ

ಇದು ಸರಿಯಾದ ಮಾತು. ನಮ್ಮ ಚರ್ಚೆಯಲ್ಲೂ ಅವರ ಸುದ್ದಿ ಎಂಟು ಜನ ಮಾತಾಡಿದ ಮೇಲೆ ಬಂತು ನೋಡಿ.

ಇನ್ನೊಂದು ಕೇಳಬೇಕಿತ್ತು. ನಮ್ಮ ಕಡೆ ಈಗ ಮರ ಹೋಗುತ್ತಿರುವುದು ಕಾಫಿಗಾಗಿ ಅಲ್ಲ. ಲೇಔಟ್, ರೆಸಾರ್ಟ್, ಹೋಂಸ್ಟೇಗೆ ರಸ್ತೆ. ಗುಡ್ಡ ಕಡಿದು ಮಟ್ಟ ಮಾಡುತ್ತಾರೆ. ಅದಕ್ಕೆ ಈ ಕಾನೂನು ಏನು ಹೇಳುತ್ತದೆ?

ಪೊನ್ನಂಪೇಟೆ_ಹಳೇಬ್ಯಾಚ್

ಏನೂ ಹೇಳುವುದಿಲ್ಲ ಅಕ್ಕ. ಆ ಕಾನೂನಿನ ಪ್ರಕಾರ ಅರಣ್ಯನಾಶ ಎಂದರೆ ಕಾಡನ್ನು ಕೃಷಿಗೆ ಬದಲಿಸುವುದು. ಕಾಡು ಕಡಿದು ರೆಸಾರ್ಟ್ ಕಟ್ಟಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಗದ್ದೆ ಮುಚ್ಚಿ ಶುಂಠಿ ಹಾಕಿದರೂ ಅಷ್ಟೇ. ರೆಸಾರ್ಟ್ ಯುರೋಪಿಗೆ ರಫ್ತಾಗುವುದಿಲ್ಲವಲ್ಲ.

ಆದರೆ ಎಲ್ಲಾ ತಪ್ಪನ್ನೂ ಯುರೋಪಿನ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಸಿಲ್ವರ್ ಯಾಕೆ ಬಂತು ಹೇಳಿ? ಅದನ್ನು ಕಡಿಯಲು ಇಲಾಖೆಯ ಅನುಮತಿ ಬೇಡ. ಬೇಗ ಬೆಳೆಯುತ್ತದೆ, ನೆಟ್ಟಗಿರುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ. ನಂದಿ, ಹೊನ್ನೆ ಕಡಿಯಲು ಅರ್ಜಿ, ಅಳತೆ, ಮತ್ತೆ ಅರ್ಜಿ. ಕೆಲವು ಬಾಣೆ ಜಮೀನಿನಲ್ಲಂತೂ ಮರದ ಹಕ್ಕೇ ಸರ್ಕಾರದ್ದು. ಸಾಕಿ ಬೆಳೆಸಿದವನಿಗೆ ಮರದಿಂದ ಏನೂ ಇಲ್ಲ ಎಂದ ಮೇಲೆ ಹೊಸ ಊರಮರ ಯಾರು ಬೆಳೆಸುತ್ತಾರೆ? ತಾನಾಗಿ ಹುಟ್ಟಿದ ಹೊನ್ನೆ ಸಸಿಯನ್ನು ಕಳೆ ಹೊಡೆಯುವಾಗಲೇ ಕತ್ತಿಯಲ್ಲಿ ಸವರಿಬಿಡುತ್ತಾರೆ, ದೊಡ್ಡದಾದರೆ ತಲೆನೋವು ಎಂದು. ನಾನೇ ಎಷ್ಟೋ ತೋಟದಲ್ಲಿ ನೋಡಿದ್ದೇನೆ. ಮರ ಉಳಿಸಲು ನಾವೇ ಮಾಡಿದ ಕಾನೂನು ಮರದ ಮಕ್ಕಳನ್ನು ಕೊಲ್ಲುತ್ತಿದೆ.

ಇದೂ ಆಗಿನ ಸಂಶೋಧನೆಯಲ್ಲಿ ಬಂದ ವಿಷಯವೇ. ಯುರೋಪಿನವರು ಓದಲಿಲ್ಲ ಎಂದೆ, ನಮ್ಮ ವಿಧಾನಸೌಧದವರೂ ಓದಲಿಲ್ಲ.

ಶನಿವಾರಸಂತೆ_ಮೆಣಸು

ಸಂಶೋಧನೆಯಿಂದ ನಮಗೆ ಒಂದು ಪೈಸೆಯ ಉಪಯೋಗವೂ ಆಗಲಿಲ್ಲವಾ ಹಾಗಾದರೆ? ವಿದೇಶಿಯರು ಬರುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು. ನಮ್ಮ ಮನೆಗೂ ಬಂದಿದ್ದರು.

ಪೊನ್ನಂಪೇಟೆ_ಹಳೇಬ್ಯಾಚ್

ಆಗಿದೆ. ಜೇನಿನ ವಿಷಯ ತೆಗೆದುಕೊಳ್ಳಿ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯ ಮತ್ತು ನಮ್ಮ ಕಾಲೇಜು ಸೇರಿ ಕೊಡಗಿನಲ್ಲಿ ಮಾಡಿದ ಕೆಲಸ ಅದು. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಅದು ಬೇರೆ. ರೋಬಸ್ಟಾ ತನ್ನ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದೇ ಬೇಕು. ಹೂ ಬಿರಿದ ಒಂದೆರಡು ದಿನದಲ್ಲಿ ಹೆಜ್ಜೇನು ಎಷ್ಟು ಬರುತ್ತದೆ, ಹತ್ತಿರದ ಕಾಡು ಅಥವಾ ದೇವರಕಾಡು ಅದಕ್ಕೆ ಎಷ್ಟು ಆಸರೆ, ನೀವು ಸ್ಪ್ರಿಂಕ್ಲರ್ ಯಾವಾಗ ಬಿಡುತ್ತೀರಿ, ಇವೆಲ್ಲಾ ಸೇರಿ ಇಳುವರಿ ಹೇಗೆ ಬದಲಾಗುತ್ತದೆ ಎಂದು ಅಳೆದರು. ಕೊಡಗಿನಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ. ಅವನ್ನು ಬರೀ ಭಕ್ತಿಯ ವಿಷಯ ಎಂದುಕೊಂಡಿದ್ದವರಿಗೆ ನಿಮ್ಮ ಚೆರಿಯ ತೂಕಕ್ಕೂ ಅವಕ್ಕೂ ಸಂಬಂಧ ಇದೆ ಎಂದು ಹೇಳಲು ಒಂದು ಆಧಾರ ಸಿಕ್ಕಿತು. ಹೂ ಬಿಡುವ ಹೊತ್ತಿಗೆ ಔಷಧಿ ಹೊಡೆಯುವುದನ್ನು ನನ್ನ ಪರಿಚಯದ ಹಲವರು ನಿಲ್ಲಿಸಿದ್ದಾರೆ.

ಇಂಥ ಜ್ಞಾನ ತೋಟಕ್ಕೆ ಬರಲು ಒಬ್ಬ ಮನುಷ್ಯ ಬಂದು, ಕೂತು, ಮಾತಾಡಬೇಕು. ಯೋಜನೆಗೆ ನಾಲ್ಕು ವರ್ಷದ ಆಯಸ್ಸು. ದುಡ್ಡು ಮುಗಿದ ದಿನ ಜೀಪು ನಿಂತಿತು. ಕಾನೂನಿಗೆ ಮಾತ್ರ ಅಂಥ ಕೊನೆಯ ದಿನ ಇಲ್ಲ.

ಗೋಣಿಕೊಪ್ಪದ_ಗುಡುಗು

ಸರ್, ನಿಮ್ಮ ಮೊದಲ ಪೋಸ್ಟ್ ಓದಿದಾಗಿಂದ ಒಂದು ಯೋಚನೆ. ಒಳಗಿನ ಮರಕ್ಕೇ ಬೆಲೆ ಕಟ್ಟಬೇಕು ಎಂದರೆ ಏನು ಕೇಳಬೇಕು ನಾವು? ಸುಮ್ನೆ ಬೈಯ್ಯುವುದು ನನಗೂ ಸಾಕಾಗಿದೆ.

ಪೊನ್ನಂಪೇಟೆ_ಹಳೇಬ್ಯಾಚ್

ನನ್ನ ಪ್ರಕಾರ ಎರಡು. ಒಂದು ಯುರೋಪಿನವರಿಗೆ: ಹೇಗೂ ನಮ್ಮ ಬಿಂದು ತೆಗೆದುಕೊಳ್ಳುತ್ತೀರಿ, ಅದರ ಜೊತೆ ಆ ತೋಟದಲ್ಲಿ ಎಷ್ಟು ಬಗೆಯ ಊರಮರ ಇದೆ ಎನ್ನುವುದನ್ನೂ ತೆಗೆದುಕೊಳ್ಳಿ, ಜಾಸ್ತಿ ಇರುವವನಿಗೆ ಜಾಸ್ತಿ ಕೊಡಿ. ಇನ್ನೊಂದು ನಮ್ಮ ಸರ್ಕಾರಕ್ಕೆ: ತೋಟದಲ್ಲಿ ಇನ್ನು ಮುಂದೆ ನೆಟ್ಟು ಬೆಳೆಸುವ ಊರಮರವನ್ನು ನೋಂದಣಿ ಮಾಡಿಸಿಕೊಂಡು, ಬೆಳೆದ ಮೇಲೆ ಮಾರುವ ಹಕ್ಕು ಬೆಳೆಸಿದವನಿಗೇ ಕೊಡಿ. ಎರಡನೆಯದು ಆಗದೆ ಮೊದಲನೆಯದು ನಿಲ್ಲುವುದಿಲ್ಲ.

ಹ್ಯಾಂಬರ್ಗ್_ಕನ್ನಡಿಗ

ಮೊದಲನೆಯದರ ಬಗ್ಗೆ ಇಲ್ಲಿನ ವಾಸ್ತವ ಹೇಳುತ್ತೇನೆ. ಕಾನೂನು ಕೇಳದಿದ್ದನ್ನು ಆಮದುದಾರ ತಾನಾಗಿ ಕೇಳುವುದಿಲ್ಲ. ಕೇಳಿದರೆ ಅದು ಹುರಿಯುವವರ ಕಡೆಯಿಂದ ಬರಬೇಕು. ನಮ್ಮಿಂದ ಕೊಳ್ಳುವ ಒಂದು ಸಣ್ಣ ಹುರಿಯುವ ಕಂಪನಿಯವರು ಕೊಡಗಿನ ತೋಟದ ಮರಗಳ ಪಟ್ಟಿ ಸಿಗುತ್ತದಾ ಎಂದು ವಿಚಾರಿಸಿದ್ದರು. ಪ್ಯಾಕೆಟ್ ಮೇಲೆ ಹಾಕಲು ಇರಬೇಕು. ಪಟ್ಟಿ ಕೊಟ್ಟರೆ ಕಿಲೋಗೆ ಎಷ್ಟು ಜಾಸ್ತಿ ಕೊಡುತ್ತೀರಿ ಎಂದು ನಾಳೆಯೇ ಬರೆದು ಕೇಳುತ್ತೇನೆ. ಏನು ಉತ್ತರ ಬಂದರೂ ಇಲ್ಲೇ ಹಾಕುತ್ತೇನೆ, ಬರೀ ಧನ್ಯವಾದ ಬಂದರೂ.

ನಕ್ಷೆ_ಹುಡುಗ

ಪಟ್ಟಿ ಮಾಡುವುದಾದರೆ ನಾನು ರೆಡಿ. ಬಿಂದು ತೆಗೆಯಲು ಹೇಗೂ ತೋಟಕ್ಕೆ ಹೋಗುತ್ತೇನೆ. ಮರದ ಹೆಸರು ಹೇಳಲು ಮಾತ್ರ ಹಳೇ ಮೇಸ್ತ್ರಿ ಒಬ್ಬರು ಬೇಕು, ಅವರಿಗೂ ಸಂಬಳ ಕೊಡಬೇಕು.

ಗೋಣಿಕೊಪ್ಪದ_ಗುಡುಗು

ನಮ್ಮ ತೋಟದಿಂದಲೇ ಶುರು ಮಾಡು ಮಾರಾಯ. ಮೇಸ್ತ್ರಿ ಸಂಬಳ, ಊಟ ನನ್ನದು. ಆದರೆ ಹ್ಯಾಂಬರ್ಗ್ ಸರ್, ಅವರು ಮೊದಲು ರೇಟು ಹೇಳಲಿ, ಆಮೇಲೆ ಪಟ್ಟಿ.